ಉಟ್ರೆಕ್ಟ್‌ಗೆ ಬರುವವರಿಗೆ: ಸೈಕಲ್ಲು, ಕೊಳಲು, ಪಕ್ಕದ ಮನೆ

ಆಗಸ್ಟ್‌ನಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ಗೆ ಬರ್ತಿದ್ದೀರಿ ಅಂತ ಬರೆದಿದ್ದೀರಿ. ಹಳೇ ಸೈಕಲ್ಲು ಸಾಕಾ, ಕೊಳಲು ತರಬಹುದಾ, ಮನೆಯವಳಿಗೆ ಅಲ್ಲಿ ಮಾತಾಡೋಕೆ ಜನ ಸಿಗ್ತಾರಾ ಅಂತ ಕೇಳಿದ್ದೀರಿ. ಬಾಡಿಗೆ ವಿಚಾರವನ್ನು ನಿಮ್ಮ ಕಂಪನಿಯವರನ್ನೇ ಹಿಡಿದು ಕೇಳಿ, ನನ್ನ ಕಾಲದ ಲೆಕ್ಕ ಈಗ ನಡೆಯಲ್ಲ. ಅಕ್ಕಿ, ತೊಗರಿಬೇಳೆ, ಹುಣಸೆಹಣ್ಣು ಎಲ್ಲ ಸಿಗುತ್ತೆ. ಸಾರಿನಪುಡಿ ಮಾತ್ರ ಮನೇದೇ ತನ್ನಿ, ಯಾಕೆ ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಸೈಕಲ್ಲು ಹಳೇದೇ ತಗೊಳ್ಳಿ. ಆದರೆ ಬೀದಿಯಲ್ಲಿ ಯಾರೋ ಬಂದು ಇಪ್ಪತ್ತು ಯೂರೋಗೆ ಕೊಡ್ತೀನಿ ಅಂದರೆ ತಿರುಗಿಯೂ ನೋಡಬೇಡಿ. ಅದು ಕದ್ದ ಮಾಲು, ಕೊಂಡವರ ಮೇಲೂ ಕೇಸು ಬೀಳುತ್ತೆ. ರಿಪೇರಿ ಅಂಗಡಿಗಳಲ್ಲಿ ಸುಮಾರು 150ರಿಂದ 250 ಯೂರೋಗೆ ಸರಿಮಾಡಿಟ್ಟ ಸೆಕೆಂಡ್ ಹ್ಯಾಂಡ್ ಸೈಕಲ್ಲು ಸಿಗುತ್ತೆ, ರಸೀದಿ ಇಸ್ಕೊಳ್ಳಿ. ಬೇರೆಯವರ ಮನೆಯಿಂದ ಕೊಳ್ಳುವುದಾದರೆ ಫ್ರೇಮ್ ನಂಬರನ್ನು ಪೊಲೀಸರ ‘ಸ್ಟಾಪ್ ಹೇಲಿಂಗ್’ ವೆಬ್‌ತಾಣದಲ್ಲಿ ಹಾಕಿ, ಕದ್ದದ್ದೋ ಅಂತ ನೋಡಿ. ಆ ನಂಬರನ್ನು ಸೀಟಿನ ಕೆಳಗಿನ ಪೈಪಿನಲ್ಲೋ ಹ್ಯಾಂಡಲ್ ಬುಡದಲ್ಲೋ ಕೊರೆದಿರುತ್ತಾರೆ.

ಅಳತೆ ಮುಖ್ಯ. ಇಲ್ಲಿಯವರು ಅಡಿಕೆ ಮರದ ಹಾಗೆ ಬೆಳೆದಿರುತ್ತಾರೆ, ಅಂಗಡಿಯಲ್ಲಿ ನಿಂತಿರುವ ಸೈಕಲ್ಲುಗಳೂ ಅವರ ಕಾಲಿಗೆ ತಕ್ಕವೇ. ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು ತೊಡೆಸಂದಿನಿಂದ ನೆಲದವರೆಗೆ ಅಳೆದು 0.66ರಿಂದ ಗುಣಿಸಿ. 76 ಸೆಂ.ಮೀ. ಬಂದರೆ ನಿಮಗೆ 50ರ ಫ್ರೇಮ್. 57ರದ್ದು ಅಗ್ಗಕ್ಕೆ ಬಂತು ಅಂತ ಹತ್ತಬೇಡಿ, ಸಿಗ್ನಲ್ಲಿನಲ್ಲಿ ಕಾಲು ನೆಲಕ್ಕೆ ಎಟುಕದೆ ಪಕ್ಕದವರ ಮೇಲೆ ವಾಲುತ್ತೀರಿ.

ಊರಲ್ಲಿ ಒಳಪೆಡಲಿನಿಂದ ಕಲಿತವನಿಗೆ ಇಲ್ಲೇನು ಕಷ್ಟ ಅಂದುಕೊಂಡಿದ್ದರೆ ಒಂದು ಮಾತು. ‘ಓಮಾಫೀಟ್ಸ್’ ಅಂದರೆ ಅಜ್ಜಿ ಸೈಕಲ್ಲು. ಇಲ್ಲಿ ಅಗ್ಗಕ್ಕೆ ಸಿಗುವ ಇಂಥವುಗಳಲ್ಲಿ ಹೆಚ್ಚಿನವಕ್ಕೆ ಬ್ರೇಕು ಇರುವುದು ಪೆಡಲಿನಲ್ಲೇ. ಹಿಂದಕ್ಕೆ ತುಳಿದರೆ ಹಿಂದಿನ ಚಕ್ರ ಹಿಡಿಯುತ್ತೆ. ನಮಗೆ ಸಿಗ್ನಲ್ಲು ಹತ್ತಿರ ಬರುತ್ತಿದ್ದ ಹಾಗೆ ಪೆಡಲನ್ನು ಹಿಂದಕ್ಕೆ ತಿರುಗಿಸಿಕೊಳ್ಳುವ ಚಟ. ಹಾಗೆ ಮಾಡಿದಿರೋ, ನಡುದಾರಿಯಲ್ಲಿ ಗಕ್ಕನೆ ನಿಲ್ಲುತ್ತೀರಿ, ಹಿಂದೆ ಬರುವವರು ಬಂದು ಗುದ್ದುತ್ತಾರೆ. ನಿಂತ ಮೇಲೆ ಪೆಡಲನ್ನು ಮೇಲಕ್ಕೆ ತಂದುಕೊಳ್ಳೋಣ ಅಂದರೆ ಅದೂ ಆಗಲ್ಲ. ಆದ್ದರಿಂದ ನಿಲ್ಲಿಸುವಾಗಲೇ ಬಲಪೆಡಲು ಗಡಿಯಾರದ ಎರಡು ಗಂಟೆಯ ಜಾಗಕ್ಕೆ ಬರುವ ಹಾಗೆ ತುಳಿದು ಬ್ರೇಕು ಹಿಡಿಯಬೇಕು. ಒಂದು ವಾರ ಖಾಲಿ ಬೀದಿಯಲ್ಲಿ ಅಭ್ಯಾಸ ಮಾಡಿ. ಇನ್ನೊಂದು: ಚೈನು ಕಳಚಿದರೆ ಆ ಬ್ರೇಕೂ ಹೋಯಿತು. ಮುಂದಿನ ಚಕ್ರಕ್ಕೆ ಕೈಬ್ರೇಕು ಇಲ್ಲದ ಸೈಕಲ್ಲು ಕೊಳ್ಳಲೇಬೇಡಿ.

ಟೈರಿನ ಮೇಲೆ 28 ಅಂತ ಇದ್ದರೆ ಸಾಲದು. ಇಲ್ಲಿ ಎರಡು ಬಗೆಯ 28 ಇವೆ. ಪಕ್ಕದಲ್ಲಿ 37-622 ಅಂತ ಇದ್ದರೆ ಅದು ಈಗ ಎಲ್ಲ ಕಡೆ ಓಡುವ ಅಳತೆ. 40-635 ಅಂತಿದ್ದರೆ ಹಳೇ ಕಾಲದ್ದು, ನಮ್ಮೂರ ದೊಡ್ಡ ಅಟ್ಲಾಸ್ ಸೈಕಲ್ಲಿನದೂ ಅದೇ. 622ರ ಟೈರು 635ರ ರಿಮ್ಮಿಗೆ ಏರಲ್ಲ. 635ರದ್ದನ್ನು 622ರ ರಿಮ್ಮಿಗೆ ಹಾಕಿದರೆ ಸಡಿಲವಾಗಿ ಕೂತು ತಿರುವಿನಲ್ಲಿ ಕಳಚಿಕೊಳ್ಳುತ್ತೆ. ವಾಲು ಮಾತ್ರ ನಮ್ಮ ಕಡೆಯ ಜಾತಿಯದೇ, ಒಳಗೆ ವಾಲ್‌ಟ್ಯೂಬಿನ ಬದಲು ಪುಟ್ಟ ಗುಂಡು.

ಪಂಚರ್ ನೀವೇ ಹಾಕಲು ಕಲಿಯಿರಿ. ನಮ್ಮ ಹಾಗೆ ಬೀದಿಗೊಂದು ಪಂಚರ್ ಅಂಗಡಿ ಇಲ್ಲ, ಕೂಲಿ ಕೇಳಿದರೆ ಎದೆ ಧಸಕ್ ಅನ್ನುತ್ತೆ. ಚೈನಿಗೆ ಪೂರ್ತಿ ಮುಚ್ಚಿದ ಕವಚ ಇರುವುದರಿಂದ ಹಿಂದಿನ ಚಕ್ರ ಬಿಚ್ಚುವುದು ಅರ್ಧ ದಿನದ ಕೆಲಸ. ಬಿಚ್ಚಬೇಡಿ. ಸೈಕಲ್ಲು ತಲೆಕೆಳಗೆ ನಿಲ್ಲಿಸಿ. ಚೈನಿಲ್ಲದ ಎಡಪಕ್ಕದಲ್ಲಿ ಟೈರಿನ ಅಂಚನ್ನು ಎರಡು ಲಿವರ್‌ಗಳಿಂದ ಎಬ್ಬಿಸಿ, ಟ್ಯೂಬು ಹೊರಗೆಳೆದು, ಬಕೆಟ್ ನೀರಲ್ಲಿ ಗುಳ್ಳೆ ನೋಡಿ. ಟೈರಿನ ಒಳಗೆ ಬೆರಳಾಡಿಸಿ ಗಾಜಿನ ಚೂರು ಹುಡುಕುವುದನ್ನು ಮರೆತರೆ ನಾಳೆ ಮತ್ತೆ ಅದೇ ಪಂಚರ್. ಉಜ್ಜಿ, ಸೊಲ್ಯೂಷನ್ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗುವ ತನಕ ಕಾಯಿರಿ. ಇಲ್ಲಿಯ ತಣ್ಣನೆ ಗಾಳಿಗೆ ಐದು ನಿಮಿಷ ಬೇಕು. ಹಸಿಯ ಮೇಲೆ ಪ್ಯಾಚ್ ಕೂರಿಸಿದರೆ ಅಂಚು ಏಳುತ್ತೆ. ವಾಪಸ್ ಕೂರಿಸಿದ ಮೇಲೆ ವಾಲನ್ನು ಒಮ್ಮೆ ಒಳಕ್ಕೆ ಒತ್ತಿ ಬಿಡಿ, ಟ್ಯೂಬು ಅಂಚಿಗೆ ಸಿಕ್ಕಿದ್ದರೆ ಬಿಡಿಸಿಕೊಳ್ಳುತ್ತೆ. ಗಾಳಿ 4 ಬಾರ್ ಸಾಕು.

ಬೀಗ ಎರಡು ಬೇಕು. ಹಿಂದಿನ ಚಕ್ರಕ್ಕೆ ಫ್ರೇಮಿನಲ್ಲೇ ಇರುವ ಬಳೆಬೀಗ, ಜೊತೆಗೆ ಫ್ರೇಮನ್ನು ಕಂಬಿಗೆ ಕಟ್ಟುವ ಸರಪಳಿ. ಸರಪಳಿಯ ಮೇಲೆ ಬೀಗದ ಗಟ್ಟಿತನ ಪರೀಕ್ಷಿಸಿ ಕೊಡುವ ‘ಎಆರ್‌ಟಿ’ ಗುರುತು, ಕಡೇಪಕ್ಷ ಎರಡು ನಕ್ಷತ್ರ ಇರಲಿ. ಬಳೆಬೀಗ ಮಾತ್ರ ಹಾಕಿದರೆ ಸೈಕಲ್ಲನ್ನೇ ಹೊತ್ತುಕೊಂಡು ಹೋಗುತ್ತಾರೆ. ಸೆಂಟ್ರಲ್ ಸ್ಟೇಷನ್ ಕೆಳಗಿನ ಸೈಕಲ್ ನಿಲ್ದಾಣದಲ್ಲಿ ಮೊದಲ 24 ಗಂಟೆ ಬಿಟ್ಟಿ. 2019ರಲ್ಲಿ ಪೂರ್ತಿಯಾದ ಆ ಮೂರಂತಸ್ತಿನಲ್ಲಿ 12,500 ಸೈಕಲ್ಲು ನಿಲ್ಲುತ್ತವೆ, ಸಾಲಿನ ನಂಬರಿನ ಫೋಟೋ ತೆಗೆದುಕೊಳ್ಳದೆ ರೈಲು ಹತ್ತಬೇಡಿ.

ದೀಪ: ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು. ಮಿಣುಕುವ ದೀಪ ಹಾಕುವಂತಿಲ್ಲ. 2019ರ ಜುಲೈಯಿಂದ ಓಡಿಸುತ್ತಾ ಫೋನ್ ಕೈಯಲ್ಲಿ ಹಿಡಿಯುವಂತಿಲ್ಲ. ರಸ್ತೆ ಮೇಲೆ ಬಿಳಿ ತ್ರಿಕೋನಗಳ ಚೂಪು ನಿಮ್ಮ ಕಡೆ ಇದ್ದರೆ ನೀವು ದಾರಿ ಬಿಡಬೇಕು. ಏನೂ ಗುರುತಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ, ಕಾರಾದರೂ ಸೈಕಲ್ಲಾದರೂ. ತಿರುಗುವ ಮುಂಚೆ ಕೈ ಚಾಚಿ. ಹೆಲ್ಮೆಟ್ ಕಡ್ಡಾಯ ಅಲ್ಲ, ಆದರೂ ಮೊದಲ ಚಳಿಗಾಲ ಹಾಕಿ. ಇಟ್ಟಿಗೆ ಬೀದಿಯ ಮೇಲೆ ನೆನೆದ ಎಲೆ ಬಿದ್ದರೆ ಪಾಚಿ ಕಟ್ಟಿದ ಬಾವಿಕಟ್ಟೆಯ ಹಾಗೆ ಜಾರುತ್ತೆ. ಕೊಡೆ ಊರಲ್ಲೇ ಬಿಡಿ, ಗಾಳಿಗೆ ನಿಲ್ಲಲ್ಲ. ಮಳೆಪ್ಯಾಂಟು ಕೊಳ್ಳಿ.

ಕೊಳಲು ಖಂಡಿತ ತನ್ನಿ. ಚಳಿಗಾಲದಲ್ಲಿ ಮನೆ ಬಿಸಿ ಮಾಡುವ ಗಾಳಿ ಒಣ, ಬಿದಿರು ಸೀಳುತ್ತೆ. ರೇಡಿಯೇಟರ್ ಇರುವ ಗೋಡೆಗೆ ನೇತುಹಾಕಬೇಡಿ. ತಿಂಗಳಿಗೊಮ್ಮೆ ಒಳಗೆ ತೆಳುವಾಗಿ ಬಾದಾಮಿ ಎಣ್ಣೆ ಸವರಿ. ರಂಧ್ರಗಳ ಮೇಲೂ ಕೆಳಗೂ ದಾರ ಸುತ್ತಿಸಿಯೇ ತಂದರೆ ಒಳ್ಳೆಯದು. ಕೊಬ್ಬರಿ ಎಣ್ಣೆ ಇಲ್ಲಿಯ ಚಳಿಗೆ ಹೆಪ್ಪುಗಟ್ಟುತ್ತೆ. ಹೊರಗೆ ನುಡಿಸಿದರೆ ಶ್ರುತಿ ಇಳಿಯುತ್ತೆ, ಮೊದಲು ಐದು ನಿಮಿಷ ಊದಿ ಬೆಚ್ಚಗೆ ಮಾಡಿಕೊಳ್ಳಿ. ಹಳೇ ಮನೆಗಳ ಮಹಡಿ ಮರದ ಹಲಗೆಯದು, ರಾತ್ರಿ ಹತ್ತರ ಮೇಲೆ ಬೇಡ.

ಸಂಗೀತ ಕೇಳಲು ಈ ಊರಲ್ಲಿ ಬಡತನವಿಲ್ಲ. ನೀವು ಬರುವ ಹೊತ್ತಿಗೆ, ಆಗಸ್ಟ್ ಕೊನೆಯಲ್ಲಿ, 1982ರಿಂದ ನಡೆಯುತ್ತಿರುವ ಪ್ರಾಚೀನ ಸಂಗೀತ ಉತ್ಸವ ಶುರುವಾಗುತ್ತೆ, ಬಿಟ್ಟಿ ಕಛೇರಿಗಳೂ ಇರುತ್ತವೆ. 112 ಮೀಟರ್ ಎತ್ತರದ ‘ಡೋಮ್’ ಚರ್ಚಿನ ಗೋಪುರದಲ್ಲಿ ಗಂಟೆಗಳ ವಾದ್ಯವಿದೆ, ಮರದ ಕಡ್ಡಿಗಳನ್ನು ಮುಷ್ಟಿಯಿಂದ ಗುದ್ದಿ ನುಡಿಸುತ್ತಾರೆ. ಶನಿವಾರ ಬೆಳಿಗ್ಗೆ ಅದರ ಕೆಳಗಿನ ಬೀದಿಯಲ್ಲಿ ನಿಂತರೆ ನಾದ ಮೊದಲು ಗೋಡೆಗಳಿಂದ ಬರುತ್ತೆ, ಆಮೇಲೆ ಆಕಾಶದಿಂದ. ನಮ್ಮ ಸಂಗೀತವೇ ಬೇಕೆನಿಸಿದರೆ ರೋಟರ್‌ಡ್ಯಾಮಿನ ಕೋಡಾರ್ಟ್ಸ್ ಕಲಾಶಾಲೆಗೆ ಹೋಗಿ. ಅಲ್ಲಿನ ಭಾರತೀಯ ಸಂಗೀತ ವಿಭಾಗಕ್ಕೆ ಹರಿಪ್ರಸಾದ್ ಚೌರಾಸಿಯಾ ಅವರ ನಂಟಿದೆ. ಕನ್ನಡದವರು ಆಮ್ಸ್ಟೆಲ್‌ವೇನ್ ಮತ್ತು ಐಂಡ್‌ಹೋವನ್ ಕಡೆ ಹೆಚ್ಚು. ಯುಗಾದಿ, ರಾಜ್ಯೋತ್ಸವಕ್ಕೆ ಸಿಗುತ್ತಾರೆ, ಮಂಗಳವಾರ ಸಂಜೆಗೆ ಸಿಗಲ್ಲ.

ಆ ಮಾಮೂಲಿ ಮಂಗಳವಾರದ ಸಂಜೆಗೆ ಮಾತಾಡೋಕೆ ಯಾರು ಅನ್ನುವುದೇ ನಿಮ್ಮ ಮೂರನೇ ಪ್ರಶ್ನೆ. ಇಲ್ಲಿ ಹೊಸದಾಗಿ ಬಂದವರೇ ಹೋಗಿ ಅಕ್ಕಪಕ್ಕದ ಬೆಲ್ ಒತ್ತಬೇಕು. ನಮ್ಮಲ್ಲಿ ಸಾಮಾನು ಇಳಿಸುವಾಗಲೇ ಯಾವೂರು, ಯಾರ ಪೈಕಿ ಅಂತ ಕೇಳುತ್ತಾರಲ್ಲ, ಹಾಗೆ ಯಾರಾದರೂ ಬರುತ್ತಾರೆ ಅಂತ ನಾನು ಕಾದೆ. ಅವರು, ಈ ಮನುಷ್ಯನಿಗೆ ಜನ ಬೇಡ ಅಂತ ತಿಳಿದರು. ಗೋಡೆಯಾಚೆ ಪಿಯಾನೋ ನುಡಿಸುತ್ತಿದ್ದ ಅಜ್ಜಿ ಮನೆ ಖಾಲಿ ಮಾಡಿದ ದಿನವೇ ಅವರ ಹೆಸರು ತಿಳಿದದ್ದು. ಅದು ಈಗಲೂ ಚುಚ್ಚುತ್ತೆ.

ನೀವು ಮೊದಲ ವಾರವೇ ಹೋಗಿ, ಇಬ್ಬರೂ. ಆರು ಗಂಟೆ ಅವರ ಊಟದ ಹೊತ್ತು, ಏಳೂವರೆಗೆ ಹೋಗಿ. ಬಾಗಿಲಲ್ಲೇ ನಿಂತು ಕೈ ಕುಲುಕಿ ಹೆಸರು ಹೇಳಿ, ಮನೆ ನಂಬರು ಹೇಳಿ, ಕೊಳಲು ಯಾವ ಹೊತ್ತಿಗೆ ಅಭ್ಯಾಸ ಮಾಡಿದರೆ ತೊಂದರೆಯಿಲ್ಲ ಅಂತ ಕೇಳಿ. ಆ ಪ್ರಶ್ನೆಯಿಂದ ಅರ್ಧ ಸ್ನೇಹ ಆಗುತ್ತೆ. ಒಳಗೆ ಕರೆಯದಿದ್ದರೆ ಅವಮಾನ ಅಲ್ಲ. ಒಮ್ಮೆ ಕಾಫಿಗೆ ಬನ್ನಿ ಅಂದರೆ ಅಲ್ಲೇ ತಾರೀಕು ಕೇಳಿ, ಇಲ್ಲದಿದ್ದರೆ ಅದು ಎಂದಿಗೂ ಬರಲ್ಲ. ಹತ್ತೂವರೆ ಅಂದರೆ ಹತ್ತೂವರೆಗೇ ಹೋಗಿ, ಹನ್ನೆರಡರೊಳಗೆ ಏಳಿ, ಊಟಕ್ಕೆ ನಿಲ್ಲಿಸಿಕೊಳ್ಳಲ್ಲ. ಸೆಪ್ಟೆಂಬರಿನ ನಾಲ್ಕನೇ ಶನಿವಾರ ನೆರೆಹೊರೆಯ ದಿನ, ಬೀದಿಯಲ್ಲಿ ಮೇಜು ಹಾಕುತ್ತಾರೆ. ಮನೆಯವರಿಗೆ ಹೇಳಿ, ಒಂದು ಡಬ್ಬಿ ಕೋಡುಬಳೆ ಮಾಡಿಕೊಂಡು ಹೋಗಲಿ, ಖಾರ ಅರ್ಧಕ್ಕೆ ಇಳಿಸಿ. ಡಬ್ಬಿ ತೊಳೆದು ಒರೆಸಿ ವಾಪಸ್ ಬರುತ್ತೆ, ಒಳಗೆ ಒಂದು ಚಿಟಿಕೆ ಸಕ್ಕರೆಯೂ ಇರಲ್ಲ. ಬೇಜಾರು ಮಾಡಿಕೊಳ್ಳಬೇಡಿ ಅಂತ ಮೊದಲೇ ಹೇಳಿಡಿ.