ಕೇಳಿದ್ದು, ಕೇಳುತ್ತಿರುವುದು: ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಮಗ ಫೋನಿನಲ್ಲಿ ಹಳೆಯ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಮ್ ಖಾನರ ಹಾಡು ಹಾಕಿಕೊಟ್ಟ. ದನಿ ಸಣ್ಣ, ಹಿಂದೆಲ್ಲ ಕರಕರ ಸದ್ದು. ರುಚಿ ಹತ್ತುವಷ್ಟರಲ್ಲಿ ಹಾಡೇ ಮುಗಿಯುತ್ತದೆ. ಇವರನ್ನು ಯಾಕೆ ಅಷ್ಟು ಹೊಗಳುತ್ತಾರೆ ಅಕ್ಕೋರೇ?
– ಓದುಗರೊಬ್ಬರು, ಸೋಲಾಪುರ

ಹಾಡು ಬೇಗ ಮುಗಿಯುವುದಕ್ಕೆ ಖಾನ್ ಸಾಹೇಬರು ಕಾರಣರಲ್ಲ. ಆಗಿನ ಹತ್ತು ಇಂಚಿನ ಗ್ರಾಮಫೋನ್ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮಗ್ಗುಲಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ, ಸ್ವಲ್ಪ ಹೆಚ್ಚು. ಬೈಠಕ್ಕಿನಲ್ಲಿ ಒಂದು ರಾಗವನ್ನು ತಾಸುಗಟ್ಟಲೆ ಹಾಡುವವರು ಅಷ್ಟರೊಳಗೇ ಎಲ್ಲ ಹೇಳಬೇಕಿತ್ತು.

ದನಿ ಸಣ್ಣಗಿರುವುದು ನಿಜ. ಅವರ ಕಂಠವೇ ಹಾಗೆ, ತೆಳು ಮತ್ತು ಎತ್ತರ. ಅದರ ಜೊತೆಗೆ ಇನ್ನೊಂದು ಸಂಗತಿ ಇದೆ. ಹಳೆಯ ಪ್ಲೇಟುಗಳನ್ನೆಲ್ಲ ಸರಿಯಾಗಿ 78ರ ವೇಗಕ್ಕೇ ಮುದ್ರಿಸಿರಲಿಲ್ಲ. ಈಗ ಫೋನಿಗೆ ಹತ್ತಿಸುವವರು ತುಸು ಜೋರಾಗಿ ತಿರುಗಿಸಿದರೂ ಶ್ರುತಿ ಏರಿಬಿಡುತ್ತದೆ. ಒಂದೇ ಹಾಡಿನ ಬೇರೆ ಬೇರೆ ಪ್ರತಿಗಳು ಸಿಗುತ್ತವೆ, ತಗ್ಗಿನ ಶ್ರುತಿಯದನ್ನು ಹುಡುಕಿ ಕೇಳಿ. ಕರಕರ ತೆಗೆದು ನುಣ್ಣಗೆ ಮಾಡಿದ ಪ್ರತಿಗಳು ನನಗೆ ಬೇಡವೇ ಬೇಡ. ಸದ್ದಿನ ಜೊತೆಗೆ ತಂಬೂರಿಯ ನಾದವನ್ನೂ ಅವು ಒರೆಸಿಹಾಕುತ್ತವೆ. ತಂಬೂರಿ ಹೋದರೆ ಖಾನ್ ಸಾಹೇಬರ ಕಿರಾಣಾ ಘರಾಣೆಯ ಹಾಡುವ ಶೈಲಿಯಲ್ಲಿ ಉಳಿಯುವುದೇನು?

ಈ ತಿಂಗಳು ನಾನು ಜಾಸ್ತಿ ಕೇಳಿದ್ದು ಅವರ ಜಿಂಝೋಟಿ ರಾಗದ ಠುಮ್ರಿಯನ್ನೇ. ರಾತ್ರಿ ಶಾಲೆಯ ಪಟ್ಟಿ ತಿದ್ದುವುದು ಮುಗಿದ ಮೇಲೆ, ದೀಪ ಆರಿಸಿ, ಕಿವಿಗೆ ಹಾಕಿಕೊಂಡು ಕೇಳುತ್ತೇನೆ. ಗಮನ ಇಡಬೇಕಾದದ್ದು ಅವರು ಸ್ವರಕ್ಕೆ ಬರುವ ರೀತಿಯ ಮೇಲೆ. ನೇರ ಹೋಗಿ ಕೂರುವುದಿಲ್ಲ. ಹತ್ತಿರ ಬರುತ್ತಾರೆ, ಸ್ವಲ್ಪ ತಡೆಯುತ್ತಾರೆ, ಆಮೇಲೆ ಇಳಿಯುತ್ತಾರೆ. ಮೂರೇ ನಿಮಿಷ ಇದೆ ಅಂತ ಗೊತ್ತಿದ್ದೂ ಈ ಮನುಷ್ಯ ಅವಸರ ಮಾಡಲಿಲ್ಲ ಅಲ್ವಾ! ನನಗೆ ಅವರು ದೊಡ್ಡವರಾಗಿ ಕಾಣುವುದು ಅಲ್ಲಿಯೇ. ಹುಡುಗ ಭೀಮಸೇನ ಜೋಶಿ ಈ ಪ್ಲೇಟು ಕೇಳಿಯೇ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟರಂತೆ. ಊರೂರು ಅಲೆದು ಕೊನೆಗೆ ಸೇರಿದ್ದು ಖಾನ್ ಸಾಹೇಬರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರನ್ನು.

ಒಂದು ಸಲ ಕೇಳಿ ಬಿಟ್ಟುಬಿಡಬೇಡಿ. ಅದೇ ಹಾಡನ್ನು ಒಂದು ವಾರ ಇಟ್ಟುಕೊಳ್ಳಿ.

ಹಳಬರ ಗುಣಗಾನ ಸಾಕು. ಹೊಸಬರಲ್ಲಿ ಯಾರನ್ನು ಕೇಳುತ್ತೀರಿ?
– ಓದುಗರೊಬ್ಬರು, ಅಕ್ಕಲಕೋಟೆ

ಬೆಳಿಗ್ಗೆ ರೊಟ್ಟಿ ಬಡಿಯುವಾಗ ನಮ್ಮ ಮನೆಯಲ್ಲಿ ವೆಂಕಟೇಶ ಕುಮಾರರು ಇರಲೇಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಹತ್ತಿರ ಕಲಿತವರು. ವಯಸ್ಸಿನಲ್ಲಿ ಹೊಸಬರಲ್ಲ, ಆದರೆ ಪ್ರತಿ ಸಲ ಹೊಸದಾಗಿಯೇ ಕೇಳುತ್ತದೆ. ಅವರು ತುಂಬು ದನಿಯಲ್ಲಿ ಷಡ್ಜ, ಅಂದರೆ ‘ಸ’ ಹಿಡಿದರೆ ನನ್ನ ಕೈ ಹಂಚಿನ ಮೇಲೆ ನಿಂತುಬಿಡುತ್ತದೆ. ಜಯತೀರ್ಥ ಮೇವುಂಡಿಯವರನ್ನೂ ಕೇಳುತ್ತೇನೆ, ಮುಖ್ಯವಾಗಿ ಸಂಜೆಯ ರಾಗಗಳಿಗೆ.

ಇವರಿಗಿಂತ ಚಿಕ್ಕವರ ತಯಾರಿ ನೋಡಿದರೆ ಹೆಮ್ಮೆಯಾಗುತ್ತದೆ. ಎಂಥ ತಾನುಗಳು! ಆದರೆ ಹಲವರು ಬಹಳ ಬೇಗ ತಾರ ಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ ಓಡುತ್ತಾರೆ. ತಾಸು ಹೊತ್ತು ಕೈಯಲ್ಲಿದ್ದರೂ ಅವಸರ ಯಾಕೆ? ಕೆಳಗಿನ ಮಂದ್ರ ಸ್ವರಗಳಲ್ಲಿ ಇನ್ನಷ್ಟು ಹೊತ್ತು ಇರಿ ಅಂತ ಅವರಿಗೆ ಕೂಗಿ ಹೇಳಬೇಕೆನಿಸುತ್ತದೆ.

ಹಳೆಯದು, ಹೊಸದು ಎರಡನ್ನೂ ಒಬ್ಬರಲ್ಲೇ ಕೇಳಬೇಕೆಂದರೆ ಮಲ್ಲಿಕಾರ್ಜುನ ಮನ್ಸೂರರಿದ್ದಾರೆ. ಅವರು ನಮ್ಮ ಮಿರಜದಲ್ಲಿ ನೀಲಕಂಠಬುವಾ ಅವರ ಹತ್ತಿರ ಕಲಿತರು. ಆಮೇಲೆ ಮಂಜೀ ಖಾನರು ಗುರುವಾಗಿ ಸಿಕ್ಕರು, 1937ರಲ್ಲಿ ಅವರು ತೀರಿಕೊಂಡ ಮೇಲೆ ಮಂಜೀ ಖಾನರ ತಮ್ಮನಾದ ಭೂರ್ಜಿ ಖಾನರು. ಯೌವನದಲ್ಲಿ ಮನ್ಸೂರರು ಎಚ್.ಎಂ.ವಿ. ಗ್ರಾಮಫೋನ್ ಕಂಪನಿಗೆ ಹಾಡಿದ ಚಿಕ್ಕ ಪ್ಲೇಟನ್ನೂ 1980ರ ದಶಕದ ಉದ್ದನೆಯ ಮುದ್ರಣವನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಮುಪ್ಪಿನಲ್ಲಿ ದನಿ ಒಣಗಿದೆ, ಉಸಿರು ಕಡಿಮೆಯಾಗಿದೆ. ಆದರೆ ರಾಗದ ಬುದ್ಧಿ ಎಷ್ಟು ಚುರುಕು! ನನಗೆ ಆ ಮುಪ್ಪಿನ ಮನ್ಸೂರರೇ ಹೆಚ್ಚು.

ರಾಗ ಗುರುತಿಸಲು ಬರುವುದಿಲ್ಲ. ಕೇಳಿ ಪ್ರಯೋಜನ ಇದೆಯೇ?
– ಓದುಗರೊಬ್ಬರು, ಮಡಕಶಿರಾ

ಖಂಡಿತ ಇದೆ. ನಮ್ಮ ಅತ್ತೆಯವರಿಗೆ ಒಂದು ರಾಗದ ಹೆಸರೂ ಗೊತ್ತಿಲ್ಲ. ಅವರು ಭೀಮಸೇನರ ಮರಾಠಿ ಅಭಂಗ ಕೇಳುತ್ತಾರೆ, ನಾನು ಅದೇ ಭೀಮಸೇನರ ದಾಸರ ಪದ ಕೇಳುತ್ತೇನೆ. ವಿಠಲ ಇಬ್ಬರಿಗೂ ಒಬ್ಬನೇ. ಹೆಸರು ಆಮೇಲೆ ತಾನೇ ಬರುತ್ತದೆ.

ಮಗಳು ಗಾಯನ ಕಲಿಯುತ್ತಿದ್ದಾಳೆ. ಫೋನಿನ ತಂಬೂರಿ ಸಾಲುವುದಿಲ್ಲವೇ? ಮಿರಜಕ್ಕೆ ಹೋಗಿ ತರಲೇಬೇಕಾ?
– ಓದುಗರೊಬ್ಬರು, ಜತ್ತ ತಾಲೂಕು

ದಿನದ ಅಭ್ಯಾಸಕ್ಕೆ ಫೋನು ಸಾಕು. ಆದರೆ ಫೋನು ಶ್ರುತಿ ಕೊಡುತ್ತದೆ, ಶ್ರುತಿ ಮಾಡುವುದನ್ನು ಕಲಿಸುವುದಿಲ್ಲ. ನಾಲ್ಕೇ ತಂತಿ. ಮೊದಲನೆಯದು ಪಂಚಮ (ಪ), ನಡುವಿನ ಜೋಡಿ ಷಡ್ಜ (ಸ), ಕೊನೆಯದು ಖರ್ಜ, ಅಂದರೆ ಕೆಳಗಿನ ‘ಸ’. ಅಭೋಗಿಯಂಥ ರಾಗದಲ್ಲಿ ಪಂಚಮವೇ ಇಲ್ಲ, ಆಗ ಮೊದಲ ತಂತಿಯನ್ನು ಮಧ್ಯಮಕ್ಕೆ (ಮ) ತರಬೇಕು. ತಂತಿಗಳು ಕೂರುವ ಪುಟ್ಟ ಮಣೆಗೆ ಕುದುರೆ ಅನ್ನುತ್ತಾರೆ, ಅದರ ಮೇಲೆ ತಂತಿಯ ಕೆಳಗೆ ಒಂದು ಎಳೆ ದಾರ ಇರುತ್ತದೆ. ಆ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ಝೇಂಕರಿಸಿ ಅರಳುತ್ತದೆ. ಇದನ್ನು ತನ್ನ ಕೈಯಲ್ಲೇ ಮಾಡುವ ಮಗುವಿನ ಕಿವಿಯೇ ಬೇರೆ. ಹಾಗಾಗಿ, ಹಣ ಹೊಂದುವುದಾದರೆ ತನ್ನಿ.

ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಜಿ.ಐ. (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ವಾದ್ಯಕ್ಕೆ ಬೇಕಾದ ಸೋರೆಬುರುಡೆ ಬರುವುದು ಬಸವಣ್ಣನವರಿದ್ದ ಮಂಗಳವೇಢೆಯ ಕಡೆಯಿಂದ. ಕೊಳ್ಳುವಾಗ ಮಗಳನ್ನು ಕರೆದುಕೊಂಡೇ ಹೋಗಿ. ಅವಳು ಹಾಡುವ ಶ್ರುತಿ ಯಾವುದೆಂದು ಕುಶಲಕರ್ಮಿಗೆ ಹೇಳಿ, ತಂತಿಯ ದಪ್ಪ, ವಾದ್ಯದ ಅಳತೆ ಎಲ್ಲ ಅದರ ಮೇಲೆ ನಿಂತಿದೆ. ಹೆಣ್ಣುಮಕ್ಕಳ ಎತ್ತರದ ಶ್ರುತಿಗೆ ಚಿಕ್ಕ ತಂಬೂರಿ ಬೇಕು. ದಾರ ಕೂರಿಸುವುದನ್ನು ಅಲ್ಲಿಯೇ ಕಲಿತು ಬರಲಿ. ಬಿಡಿ ತಂತಿಗಳನ್ನೂ ತೆಗೆದುಕೊಳ್ಳಿ, ಜತ್ತದಲ್ಲಿ ಅವನ್ನು ಹುಡುಕುವುದು ಕಷ್ಟ.

ಮಿರಜದಲ್ಲೇ ಶಮ್ನಾ ಮೀರಾ ದರ್ಗಾ ಇದೆ. 1937ರಲ್ಲಿ ಮದರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ ತೀರಿಕೊಂಡ ಅಬ್ದುಲ್ ಕರೀಮ್ ಖಾನ್ ಸಾಹೇಬರನ್ನು ಮಣ್ಣು ಮಾಡಿದ್ದು ಅಲ್ಲಿಯೇ. ಅವಳಿಗೆ ತೋರಿಸಿ.

ಬಸ್ಸಿನಲ್ಲಿ ತರುವುದಾದರೆ ತಂತಿ ಸಡಿಲ ಮಾಡಿಸಿ, ಬುರುಡೆಗೆ ಹಳೆಯ ಕೌದಿ ಸುತ್ತಿ. ಬಸ್ಸಿನ ಮೇಲೆ ಮಾತ್ರ ಹಾಕಬೇಡಿ.