ಎಲ್ಲದರ ಮೇಲೂ 0.45 ಅಂತಲೇ ಇದೆ, ಹಾಗಾದರೆ ಯಾವ ಸಿರಿಂಜ್ ಫಿಲ್ಟರ್ ಆದರೂ ಆಗಲ್ವಾ?

ಅರ್ಧ ಮೆಥನಾಲ್, ಅರ್ಧ ನೀರಿನಲ್ಲಿ ತೆಗೆದ ಸೊಪ್ಪಿನ ಸಾರವನ್ನು ಎಚ್‌ಪಿಎಲ್‌ಸಿಗೆ (ದ್ರವದಲ್ಲಿರುವ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಹಾಕುವ ಮುಂಚೆ ಸೋಸಬೇಕು, ಕೈಯಲ್ಲಿ ನೈಲಾನ್ ಫಿಲ್ಟರ್ ಇದೆ, ಅದೇ ಸಾಕಲ್ವಾ ಅಂತ ಕೇಳಿದ್ದೀರಿ. ನಾನಾದರೆ ಹಾಕಲ್ಲ. ಒಮ್ಮೆ ಹಾಕಿ ಅನುಭವಿಸಿದ್ದೇನೆ.

0.45 ಮೈಕ್ರಾನ್ ಅನ್ನೋದು ತೂತಿನ ಲೆಕ್ಕ ಅಷ್ಟೇ. ನಿಮ್ಮ ದ್ರವ ಫಿಲ್ಟರ್ ಒಳಗಿನ ಸೋಸುವ ಹಾಳೆಯನ್ನು ಏನು ಮಾಡುತ್ತದೆ, ಹಾಳೆ ನಿಮ್ಮ ದ್ರವದಿಂದ ಏನನ್ನು ಕಿತ್ತುಕೊಳ್ಳುತ್ತದೆ ಅನ್ನೋದನ್ನು ಅದು ಹೇಳುವುದಿಲ್ಲ.

ಮೊದಲನೆಯದು ಸುಲಭ, ಯಾವ ಹಾಳೆ ಯಾವ ದ್ರವಕ್ಕೆ ತಡೆಯುತ್ತದೆ ಅಂತ ಪೆಟ್ಟಿಗೆ ಜೊತೆ ಬರುವ ಚಾರ್ಟ್ ನೋಡಿದರೆ ಸಾಕು. ಸೆಲ್ಯುಲೋಸ್ ಅಸಿಟೇಟ್ ಅಸಿಟೋನ್‌ನಲ್ಲಿ ಕರಗಿಹೋಗುತ್ತದೆ. ಪಿಇಎಸ್ (ಪಾಲಿಈಥರ್‌ಸಲ್ಫೋನ್ ಅನ್ನೋ ಪ್ಲಾಸ್ಟಿಕ್) ನೀರು, ಬಫರ್‌ಗೆ (ಆಮ್ಲತೆ ಬದಲಾಗದಂತೆ ಕಾಯುವ ದ್ರಾವಣ) ಬಲು ಚೆನ್ನ, ಸರಸರ ಸೋಸುತ್ತದೆ. ಆದರೆ ಅಸಿಟೋನ್, ಕ್ಲೋರೋಫಾರ್ಮ್ ಹತ್ತಿರ ಒಯ್ಯಬೇಡಿ. ನೈಲಾನ್ ಮೆಥನಾಲ್‌ಗೆ, ಅಸಿಟೋನೈಟ್ರೈಲ್‌ಗೆ ಜಗ್ಗಲ್ಲ, ಪ್ರಬಲ ಆಸಿಡ್ ಮುಂದೆ ಮಾತ್ರ ಸೋಲುತ್ತದೆ. ಪಿಟಿಎಫ್‌ಇ (ಟೆಫ್ಲಾನ್) ಹೆಚ್ಚುಕಮ್ಮಿ ಯಾವುದಕ್ಕೂ ಬಗ್ಗಲ್ಲ, ಆದರೆ ಅದಕ್ಕೆ ನೀರು ಕಂಡರಾಗದು. ಬರೀ ನೀರಿನ ಸ್ಯಾಂಪಲ್ ಹಾಕಿ ಒತ್ತಿ ನೋಡಿ: ಹೆಬ್ಬೆರಳು ನೋಯುತ್ತದೆ, ಒಂದು ಹನಿ ಬೀಳಲ್ಲ, ಇನ್ನೂ ಒತ್ತಿದರೆ ಫಿಲ್ಟರ್ ಠಪ್ಪಂತ ಕಳಚಿ ಸ್ಯಾಂಪಲ್ ಮುಖಕ್ಕೆ ಹಾರುತ್ತದೆ. (ಕನ್ನಡಕ ಹಾಕಿಕೊಳ್ಳಿ.) ಮೊದಲು ಸ್ವಲ್ಪ ಮೆಥನಾಲ್ ಹಾಯಿಸಿ ನೆನೆಸಿದರೆ ದಾರಿ ಬಿಡುತ್ತದೆ. ಇಲ್ಲವೇ ನೀರು ಹೀರುವ ಹಾಗೆ ಮಾಡಿದ ಹೈಡ್ರೋಫಿಲಿಕ್ ಪಿಟಿಎಫ್‌ಇ ಸಿಗುತ್ತದೆ, ಅದನ್ನೇ ತಗೊಳ್ಳಿ.

ಜನ ಮರೆಯೋದು ಎರಡನೆಯದನ್ನು. ನಾನೂ ನಿಮ್ಮ ಹಾಗೇ ಟ್ಯಾನಿನ್ ಇದ್ದ ಸಾರವನ್ನು ನೈಲಾನ್‌ನಲ್ಲಿ ಸೋಸಿದ್ದೆ. ಪೀಕ್‌ಗಳು, ಅಂದರೆ ಯಾವ ಅಂಶ ಎಷ್ಟಿದೆ ಅಂತ ತೋರಿಸುವ ಗ್ರಾಫಿನ ಶಿಖರಗಳು, ಕುಗ್ಗಿಹೋಗಿದ್ದವು. ಎರಡು ದಿನ ಕಾಲಮ್ (ಅಂಶಗಳನ್ನು ಬೇರ್ಪಡಿಸುವ ಕೊಳವೆ) ಮೇಲೆ, ಪಂಪ್ ಮೇಲೆ, ಕೊನೆಗೆ ಪೈಪೆಟ್ ಹಿಡಿದವನ ಮೇಲೂ ಅನುಮಾನಪಟ್ಟೆ. ಆಮೇಲೆ ಬಳಸಿದ ಫಿಲ್ಟರೊಂದನ್ನು ಇಕ್ಕಳದಿಂದ ಒಡೆದು ನೋಡಿದೆ. ಬೆಳ್ಳಗಿದ್ದ ಹಾಳೆ ಚಹಾ ಬಣ್ಣಕ್ಕೆ ತಿರುಗಿತ್ತು, ನೀರಲ್ಲಿ ಅಲ್ಲಾಡಿಸಿದರೂ ಬಣ್ಣ ಬಿಡಲಿಲ್ಲ. ನನ್ನ ಪಾಲಿಫಿನಾಲ್ (ಟ್ಯಾನಿನ್ ಈ ಗುಂಪಿನದೇ) ಅಲ್ಲಿ ಕೂತಿತ್ತು. ನೈಲಾನ್ ಅಂದರೆ ಪಾಲಿಅಮೈಡ್, ಅದರ ಅಮೈಡ್ ಗುಂಪುಗಳು ಫಿನಾಲ್‌ಗಳನ್ನು ಹೈಡ್ರೋಜನ್ ಬಂಧದಿಂದ ಹಿಡಿದುಕೊಳ್ಳುತ್ತವೆ. ಪಾಲಿಫಿನಾಲ್ ಬೇರ್ಪಡಿಸೋಕೆ ಪಾಲಿಅಮೈಡ್ ಪುಡಿಯನ್ನೇ ಕಾಲಮ್‌ಗೆ ತುಂಬುತ್ತಾರೆ, ಅದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ! ಪ್ರೋಟೀನ್‌ಗೂ ನೈಲಾನ್ ಬೇಡ, ನೈಟ್ರೋಸೆಲ್ಯುಲೋಸ್ ಅಂತೂ ಬೇಡವೇ ಬೇಡ. ವೆಸ್ಟರ್ನ್ ಬ್ಲಾಟ್ ಅನ್ನೋ ಪ್ರೋಟೀನ್ ಪತ್ತೆ ಪರೀಕ್ಷೆಯಲ್ಲಿ ಪ್ರೋಟೀನ್ ಅಂಟಿಸೋಕೆ ಬಳಸೋದೇ ಅದನ್ನು. ಪ್ರೋಟೀನ್ ಸೋಸೋಕೆ ಪಿಇಎಸ್ ಅಥವಾ ಹೈಡ್ರೋಫಿಲಿಕ್ ಪಿವಿಡಿಎಫ್ (ಇದೂ ಒಂದು ಪ್ಲಾಸ್ಟಿಕ್) ಸರಿ.

ನಿಮ್ಮ ಸಾರಕ್ಕೆ ನಾನು ಮೊದಲು ರೀಜನರೇಟೆಡ್ ಸೆಲ್ಯುಲೋಸ್ ಹಿಡಿಯುತ್ತೇನೆ, ನೀರು-ಮೆಥನಾಲ್ ಎರಡಕ್ಕೂ ಒಗ್ಗುತ್ತದೆ. ಆದರೂ ಸುಮ್ನೆ ನಂಬಬೇಡಿ. ಒಂದೇ ಸ್ಟ್ಯಾಂಡರ್ಡ್‌ನ (ಪ್ರಮಾಣ ಗೊತ್ತಿರುವ ದ್ರಾವಣ) ಒಂದು ಪಾಲನ್ನು ಸೆಂಟ್ರಿಫ್ಯೂಜ್ ಮಾಡಿ, ಇನ್ನೊಂದನ್ನು ಸೋಸಿ ಒಂದೊಂದು ಎಂಎಲ್ ಬೇರೆ ಬೇರೆ ಹಿಡಿಯಿರಿ, ಎಲ್ಲವನ್ನೂ ಎಚ್‌ಪಿಎಲ್‌ಸಿಗೆ ಹಾಕಿ ಸೆಂಟ್ರಿಫ್ಯೂಜ್ ಮಾಡಿದ್ದರ ಜೊತೆ ಹೋಲಿಸಿ. ಮೊದಲ ಎಂಎಲ್ ಮಾತ್ರ ಕಮ್ಮಿ ಬಂದು ಮುಂದಿನವು ಸರಿಹೋದರೆ ಅದೊಂದನ್ನು ಚೆಲ್ಲಿದರಾಯಿತು. ಮೂರನೆಯದೂ ಕಮ್ಮಿ ಬಂದರೆ ಫಿಲ್ಟರ್ ಬದಲಿಸಿ.