ಪ್ರಶ್ನೆ ಕೇಳುವ ಹುಡುಗನ ಬಾಯಿ ಮುಚ್ಚಿಸಬೇಡಿ

ಮಂಡ್ಯದ ಸಹೋದರಿಗೆ ವಂದನೆ.

ನಿಮ್ಮ ಮನೆಯ ಬುಧವಾರದ ಪ್ರಾರ್ಥನಾ ಕೂಟಕ್ಕೆ ಬರುವ ಹುಡುಗನೊಬ್ಬ ಸತ್ಯವೇದದ (ಬೈಬಲ್ಲಿನ) ಪ್ರತಿ ವಚನಕ್ಕೂ 'ಇದನ್ನು ಯಾರು ಯಾರಿಗೆ ಬರೆದದ್ದು?' ಅಂತ ಕೇಳುತ್ತಾನೆ, ಹಿರಿಯರು 'ಅಕ್ಷರ ಕೊಲ್ಲುತ್ತೆ ಕಣಪ್ಪ, ಜಾಸ್ತಿ ಓದಿದ್ರೆ ನಂಬಿಕೆ ಹೋಗುತ್ತೆ' ಅಂತ ಸುಮ್ಮನಿರಿಸಿದ್ದಾರೆ, ಯಾರು ಸರಿ ಎಂದು ಬರೆದಿದ್ದೀರಿ. ಹುಡುಗನೇ ಸರಿ. ಹಾಗಂತ ಹಿರಿಯರ ಭಯ ಸುಳ್ಳಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಮೈಸೂರಿನ ನಮ್ಮ ಮನೆಯಲ್ಲಿ ಅಕ್ಕಿ ಡಬ್ಬದ ಮೇಲಿನ ಗೋಡೆಗೆ ತಿಂಗಳಿಗೊಂದು ದೇವರ ಮಾತು ಅಚ್ಚಾಗಿರುವ ವಾಗ್ದಾನದ ಕ್ಯಾಲೆಂಡರ್ ನೇತುಹಾಕುತ್ತಿದ್ದೆವು. ಅಪ್ಪ ಆಸ್ಪತ್ರೆಯಲ್ಲಿದ್ದ ತಿಂಗಳು ಅದರಲ್ಲಿ ಬಂದದ್ದು ಯೆರೆಮೀಯ 29:11. ದೇವರು ನಮ್ಮ ಬಗ್ಗೆ ಯೋಚಿಸುವುದು ಹಿತವನ್ನೇ, ನಮಗೆ ನಿರೀಕ್ಷೆ ಕೊಡುತ್ತಾನೆ ಅನ್ನುವ ವಚನ. ಅಮ್ಮ ಆ ಹಾಳೆ ಹರಿದು ಅಪ್ಪನ ದಿಂಬಿನ ಕೆಳಗೆ ಇಟ್ಟರು. ಅಪ್ಪ ಉಳಿಯಲಿಲ್ಲ. ಎರಡು ವರ್ಷ ನಾನು ಸತ್ಯವೇದದ ಆ ಪುಟ ತೆರೆಯಲಿಲ್ಲ. ದೇವರು ಮಾತಿಗೆ ತಪ್ಪಿದ ಅಂತಲೇ ನನ್ನ ಲೆಕ್ಕ.

ಆಮೇಲೆ ನಮ್ಮ ಸಭೆಯ ವಯಸ್ಸಾದ ಪಾಸ್ಟರ್ ಒಬ್ಬರು ಪೆನ್ಸಿಲ್ ಹಿಡಿದು ಪಕ್ಕ ಕೂತು, 28ನೇ ಅಧ್ಯಾಯದಿಂದ ಓದಿಸಿದರು. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆ ಹೋದವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ 29ನೇ ಅಧ್ಯಾಯದಲ್ಲಿದೆ. ಹನನ್ಯ ಎಂಬ ಪ್ರವಾದಿ ಎರಡೇ ವರ್ಷದಲ್ಲಿ ಎಲ್ಲರೂ ವಾಪಸ್ ಬರುತ್ತಾರೆ ಅಂದಿದ್ದ. ಯೆರೆಮೀಯ 70 ವರ್ಷ ಅಂದ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿಗಾಗಿ ಪ್ರಾರ್ಥಿಸಿ ಅಂದ. ಅಂದರೆ ಕಾಗದ ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಮತ್ತೆ ತಮ್ಮ ಊರು ನೋಡುವವರಲ್ಲ. 11ನೇ ವಚನ ಹೇಳಿದ್ದು ಅವರಿಗೇ! ಪಾಸ್ಟರ್ ಆ 70 ವರ್ಷದ ಮಾತಿರುವ 10ನೇ ವಚನದ ಕೆಳಗೆ ಎಳೆದ ಗೆರೆ ಇವತ್ತಿಗೂ ನನ್ನ ಸತ್ಯವೇದದಲ್ಲಿದೆ. 11ನೇ ವಚನದಲ್ಲಿ 'ನಿರೀಕ್ಷೆ' ಅಂತ ಇರುವ ಕಡೆ ಮೂಲ ಹೀಬ್ರೂವಿನಲ್ಲಿರುವುದು 'ತಿಕ್ವಾ', ಇಸ್ರಾಯೇಲಿನ ಗೂಢಚಾರರನ್ನು ಬಚ್ಚಿಟ್ಟ ರಾಹಾಬಳು ಯೆರಿಕೋ ಪಟ್ಟಣದಲ್ಲಿ ತನ್ನ ಕಿಟಕಿಗೆ ಕಟ್ಟಿದ ಕೆಂಪು ದಾರಕ್ಕೂ ಅದೇ ಪದ ಅಂತ ಅವರು ಹೇಳಿದಾಗ ನನಗೆ ಕಣ್ಣೀರು ತಡೆಯಲಾಗಲಿಲ್ಲ. ಸುತ್ತ ಗೋಡೆ ಬೀಳುವಾಗ ಅವಳ ಮನೆಗೆ ಗುರುತಾಗಿದ್ದ ದಾರ ಅದು.

ಅರ್ಧ ಓದಿ ಕಳೆದುಕೊಂಡ ನಂಬಿಕೆ ಪೂರ್ತಿ ಓದಿದ ಮೇಲೆ ವಾಪಸ್ ಬಂತು ಸಹೋದರಿ.

ಇನ್ನು 'ಅಕ್ಷರ ಕೊಲ್ಲುತ್ತೆ' ಅನ್ನುವುದು 2 ಕೊರಿಂಥ 3:6, ಅಪೊಸ್ತಲ ಪೌಲ ಕೊರಿಂಥದ ಸಭೆಗೆ ಬರೆದ ಎರಡನೇ ಪತ್ರದ ಮಾತು. ಅದರ ಹಿಂದೆ ಮುಂದೆ ಓದಿ. ಪೌಲ ಮಾತಾಡುತ್ತಿರುವುದು ಕಲ್ಲಿನ ಮೇಲೆ ಕೆತ್ತಿದ ಆಜ್ಞೆ ಮತ್ತು ದೇವರ ಆತ್ಮ ಹೃದಯದಲ್ಲಿ ಬರೆಯುವ ಹೊಸ ಒಡಂಬಡಿಕೆಯ ಬಗ್ಗೆ. ಓದಬೇಡಿ ಅಂತ ಅಲ್ಲಿ ಎಲ್ಲಿದೆ? ಅದೇ ಪೌಲ ಸೆರೆಮನೆಯಲ್ಲಿ ಸಾವು ಹತ್ತಿರ ಅಂತ ಗೊತ್ತಿದ್ದೂ, ಬರುವಾಗ ಮೇಲಂಗಿ ತಾ, ಪುಸ್ತಕಗಳನ್ನೂ ತಾ ಅಂತ ಶಿಷ್ಯ ತಿಮೊಥೆಯನಿಗೆ ಬರೆಯುತ್ತಾನೆ. ಬೆರೋಯ ಎಂಬ ಊರಿನವರು ಪೌಲ ಹೇಳಿದ್ದು ಸರೀನಾ ಅಂತ ದಿನಾ ಶಾಸ್ತ್ರ ತೆರೆದು ನೋಡುತ್ತಿದ್ದರು. ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯದಲ್ಲಿ ಅದಕ್ಕೇ ಅವರನ್ನು ಹೊಗಳಿದೆ.

ಹಿರಿಯರ ಭಯ ಬೇರೆ ಕಡೆ ನಿಜ. ನಾಲ್ಕು ಗ್ರೀಕ್ ಪದ ಕಲಿತು ಅಜ್ಜಿಯ ಪ್ರಾರ್ಥನೆ ತಿದ್ದಲು ಹೋಗುವವರನ್ನು ನಾನೂ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಜ್ಞಾನ ಉಬ್ಬಿಸುತ್ತದೆ, ಪ್ರೀತಿ ಕಟ್ಟುತ್ತದೆ ಅಂತ ಪೌಲನೇ ಹೇಳಿದ್ದಾನೆ. ಅದಕ್ಕೇ ಆ ಹುಡುಗ ಒಬ್ಬನೇ ಮೊಬೈಲ್ ನೋಡಿ ಕಲಿಯುವ ಬದಲು ನಿಮ್ಮ ಚಾಪೆಯ ಮೇಲೆ, ಆ ಹಿರಿಯರ ಪಕ್ಕದಲ್ಲೇ ಕೂತು ಕಲಿಯಲಿ.

ಮುಂದಿನ ಬುಧವಾರ ಯೆರೆಮೀಯ 29ನ್ನು ಮೊದಲ ವಚನದಿಂದ ಅವನ ಕೈಲೇ ಓದಿಸಿ. ಗೊತ್ತಾಗದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ನಿಮ್ಮ ಪಾಸ್ಟರನ್ನು ಕೇಳಿ. ನನಗೂ ಕಳಿಸಿ, ಕಾಯುತ್ತಿರುತ್ತೇನೆ.

– ಸಂಪಾದಕ